ಕೆಂಪರಾಜ ಕಂಡ ಇಬ್ಬರು ಹುಡುಗರು

ದೊಡ್ಡಬಳ್ಳಾಪುರದಲ್ಲಿ ಕರೆಂಟ್ ಹೋದರೆ ಮಿಕ್ಕವರು ಬೀಸಣಿಗೆ ಹುಡುಕ್ತಾರೆ, ಕೆಂಪರಾಜ ಅನುಮಾನ ಪಡೋಕೆ ಕೂರ್ತಾನೆ. ಇಪ್ಪತ್ತೆರಡು ವರ್ಷ ಪವರ್‌ಲೂಮ್ ಓಡಿಸಿದವನು. ಹಿತ್ತಲಲ್ಲಿದ್ದರೂ ಮಗ್ಗದ ಸದ್ದು ಕೇಳಿಯೇ ಎಳೆ ಕಡೀತು ಅಂತ ಎದ್ದು ಬರ್ತಾನೆ. ಆ ವಿದ್ಯೇನ ಮನುಷ್ಯರ ಮೇಲೂ ಪ್ರಯೋಗ ಮಾಡೋದೇ ಅವನ ರೋಗ. ಹಾಲಿನವನು ಒಂದು ದಿನ ಬೇಗ ಬಂದರೂ ನೀರು ಬೆರೆಸಿರಬೇಕು ಅಂತ ಮೂಸಿ ನೋಡೋ ಆಸಾಮಿ.

ಈಗ ಅನುಮಾನ ಮಗಳ ಮೇಲೆ. ಭಾನುಪ್ರಿಯಾ ಸೆಕೆಂಡ್ ಪಿಯುಸಿ. ಕಾಲೇಜಿಂದ ಬಂದವಳೇ ದಪ್ಪ ನೋಟ್‌ಬುಕ್ ಹಿಡಿದು ಗೋಡೆ ಕಡೆ ತಿರುಗಿ ಕೂರ್ತಾಳೆ, ಒಬ್ಬಳೇ ನಗ್ತಾಳೆ. ಏನಮ್ಮಾ ಅದು ಅಂದರೆ, "ಮಾಂಗಾ ಅಪ್ಪ" ಅಂದಳು.

"ಮಂಗಾನಾ?"

"ಮಂಗ ಅಲ್ಲಪ್ಪ, ಮಾಂಗಾ. ಜಪಾನಿನ ಚಿತ್ರಕತೆ. ಅದೇ ಥರ ನಾನೂ ಬರೀತಿದೀನಿ. ಕ್ಲಾಸಲ್ಲಿ ಎಲ್ಲರೂ ಓದ್ತಾರೆ."

ಎಲ್ಲರೂ ಅಂದರೆ ಯಾರ್ಯಾರು? ಕೆಂಪರಾಜ ಆವತ್ತಿಂದ ಆ ನೋಟ್‌ಬುಕ್ ಮೇಲೆ ಕಣ್ಣಿಟ್ಟ.

ಮಂಗಳವಾರ ಮಧ್ಯಾಹ್ನ ಕರೆಂಟ್ ಹೋಯ್ತು. ಮಗಳು ಕಾಲೇಜಿಗೆ ಹೋಗಿದ್ದಳು, ನೋಟ್‌ಬುಕ್ ಮನೇಲೇ ಉಳಿದಿತ್ತು. ತೆಗೆದ. ಮಾತೆಲ್ಲ ಇಂಗ್ಲಿಷು, ಅವನಿಗೆ ಬರಲ್ಲ. ಆದರೆ ಚಿತ್ರಕ್ಕೆ ಯಾವ ಭಾಷೆ ಬೇಕು? ಮೊದಲ ಹಾಳೆಯಿಂದ ಬೆರಳಿಟ್ಟು ನೋಡ್ತಾ ಹೋದ. ಎರಡು ಜಡೆಯ ಕನ್ನಡಕದ ಹುಡುಗಿ, ಥೇಟ್ ಭಾನು, ಮನೆ ಬಾಗಿಲಲ್ಲಿ ನಿಂತಿದ್ದಾಳೆ. ಮುಂದೆ ಒಬ್ಬ ಹುಡುಗನಿಗೆ ಕೈ ಮುಗೀತಾಳೆ. ಆಮೇಲೆ ಇನ್ನೊಬ್ಬನ ಕೈ ಹಿಡೀತಾಳೆ. ಅಯ್ಯೋ ಶಿವನೇ, ಒಬ್ಬನಲ್ಲ, ಇಬ್ಬರು! ಕೊನೇ ಹಾಳೇಲಿ ಬ್ಯಾಗು ತಗೊಂಡು ರೈಲು ಹತ್ತುತಾಳೆ. ತಕ್ಷಣ ನಲ್ಲೂರಿನ ಅಕ್ಕ ಮುತ್ತಮ್ಮನಿಗೆ ಫೋನ್ ಮಾಡಿದ.

"ಅಕ್ಕಾ, ನಾಳೇನೇ ಬಂದು ಭಾನೂನ ಕರ್ಕೊಂಡು ಹೋಗು. ಅವಳ ಕಾಲೇಜು ಇವತ್ತಿಗೆ ಮುಗೀತು."

ಸಂಜೆ ಮಗಳು ಬಂದಳು. "ಯಾರೇ ಇವರಿಬ್ಬರು? ಯಾವತ್ತು ರೈಲು?" ಅಂತ ನೋಟ್‌ಬುಕ್ ಎಸೆದ. ಭಾನು ಮುಖ ಬಿಳಿಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಅಂದ್ಕೊಂಡ ಇವನು.

"ಅಪ್ಪ, ನೀನು ಉಲ್ಟಾ ಓದಿದೀಯ. ಮಾಂಗಾ ಶುರುವಾಗೋದು ಹಿಂದಿನ ಹಾಳೆಯಿಂದ, ಬಲಗಡೆಯಿಂದ. ಓಡಿಹೋಗೋದು ಮೊದಲು. ಇಬ್ಬರ ಕಿತ್ತಾಟ ನೋಡಿ ಸಾಕಾಗಿ, ಕೈ ಮುಗಿದು ಮನೆಗೆ ವಾಪಸ್ ಬರ್ತಾಳೆ. ನಗೋ ಕತೆ ಅಪ್ಪ ಇದು."

"ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ" ಅಂತ ಹೆಂಡತಿ ನರಸಮ್ಮ ಒಳಗಿಂದಲೇ ಕುಟುಕಿದಳು.

ಹೇಳಿದ್ದನ್ನ ಹಾಗೇ ನಂಬಿದರೆ ಅವನು ಕೆಂಪರಾಜ ಹೇಗಾದಾನು? ಹಿಂದಿನಿಂದ ಶುರುಮಾಡಿ, ಒಂದೊಂದೇ ಚೌಕ ಬಿಡದೆ ನೋಡಿದ. ಹೌದು, ಹುಡುಗಿ ಮನೆಗೇ ಬರ್ತಾಳೆ. ಆದರೆ ಮಧ್ಯಾಹ್ನ ಹುಡುಗರನ್ನೇ ಹುಡುಕೋ ಭರದಲ್ಲಿ ಬಿಟ್ಟುಹೋಗಿದ್ದು ಈಗ ಕಂಡಿತು. ಸ್ಟೇಷನ್ ಕಂಬದ ಹಿಂದೆ, ಟೀ ಅಂಗಡಿ ಮೂಲೇಲಿ, ಕಿಟಕಿ ಸಂದೀಲಿ ಒಬ್ಬ ಇಣುಕ್ತಾ ನಿಂತಿದ್ದಾನೆ.

"ಇವನ್ಯಾರೇ, ಮೂರನೆಯವನು?" ಅಂತ ಗುಡುಗಿದ.

ಭಾನು ಆ ಚಿತ್ರದ ಮೇಲೆ ಬೆರಳಿಟ್ಟಳು. "ನೀನೇ ಅಪ್ಪ. ಮೀಸೆ ನೋಡು, ಹೆಗಲ ಮೇಲಿನ ಟವೆಲ್ ನೋಡು. ಎಲ್ಲಾ ಕಡೆ ಇದೀಯ. ಆದರೆ ನಿಂಗೆ ಒಂದೂ ಮಾತು ಬರೆದಿಲ್ಲ ನಾನು. ನೀನು ಯಾವತ್ತೂ ನನ್ನ ಏನೂ ಕೇಳಲ್ವಲ್ಲ, ನೋಡ್ತೀಯ ಅಷ್ಟೆ."

ಕೆಂಪರಾಜನಿಗೆ ಕಣ್ಣು ತುಂಬಿ ಬಂತು. ಫೋನ್ ತಗೊಂಡ.

"ಅಕ್ಕಾ, ಬರಬೇಡ. ಭಾನು ನಾಳೆ ಕಾಲೇಜಿಗೆ ಹೋಗ್ತಾಳೆ."

ಯಾಕೋ, ಏನಾಯ್ತೋ ಅಂತ ಅಕ್ಕ ಮೂರು ಸಲ ಕೇಳಿದಳು. ಅವನಿಗೆ ಹೇಳೋಕೆ ನಾಚಿಕೆಯಾಯ್ತು.