ಮಣ್ಣು ಮಸಿ ಕುಡಿದ ಪಾಠ

ಮುದ್ದೆ ಬಸ್ಸಾರಿನ ಚಕ್ರವರ್ತಿಗಳೂ ಭಾವೀ ಮೇಷ್ಟರ ಕುಲತಿಲಕರೂ ಆದ ನಮ್ಮ ಮಂಡ್ಯ ಹಾಸ್ಟೆಲಿನ ಮಹನೀಯರೇ, ಊಟದ ಗಂಟೆಗೆ ಮುಂಚೆ ಈ ಗೋಡೆಯ ಮುಂದೆ ನಿಂತು ಇದನ್ನು ಓದತಕ್ಕದ್ದು.

ಇವತ್ತು ಹನಕೆರೆ ಶಾಲೆಯಲ್ಲಿ ನಾನು ಪಾಠ ಮಾಡಿ ತೋರಿಸಬೇಕಿತ್ತು. ವಿಷಯ: ವಿಷ ಸುರಿದರೆ ಮಣ್ಣೂ ನೀರೂ ಕೆಡುವ ಬಗೆ. ತಳದಲ್ಲಿ ತೂತಿದ್ದ ಕುಡಿಕೆಗೆ ಮಣ್ಣು ತುಂಬಿ, ನೀಲಿ ಮಸಿ ಬೆರೆಸಿದ ನೀರು ಸುರಿದೆ. "ಈ ಮಸಿಯೇ ವಿಷ. ಕೆಳಗಿನ ಲೋಟಕ್ಕೆ ಏನು ಇಳಿಯುತ್ತದೋ ನೋಡಿ" ಎಂದು ಘೋಷಿಸಿದೆ.

ಇಳಿದದ್ದು ಬಣ್ಣವೇ ಇಲ್ಲದ ನೀರು!

ಮುಂದಿನ ಸಾಲಿನ ಜವರ ಎದ್ದ. "ಮಣ್ಣು ಇಸಾನೆಲ್ಲ ಕುಡ್ಕಬುಡ್ತು ಸಾ! ನಮ್ಮಪ್ಪ ಬತ್ತಕ್ಕೆ ಔಸ್ದಿ ಒಡ್ದವ್ನೆ. ಸಂಜೆ ಆ ಔಸ್ದಿ ಡಬ್ಬಾನ ಬಾವಿತಾವ ತೊಳುದ್ರೂ ಏನೂ ಆಗಕಿಲ್ಲ, ಅಲ್ವಾ?"

ನಾನು ಕೂಗಿಕೊಂಡೆ: "ಬ್ಯಾಡ ಕಣ್ಲಾ! ಬಾವಿ ನೀರು ಕೆಡ್ತದೆ."

"ನೀವೇ ತೋರ್ಸುದ್ರಲ್ಲ ಸಾ, ಕೆಡ್ನಿಲ್ಲ ಅಂತ."

"ಬಣ್ಣ ಇಲ್ಲ ಅಂದ್ರೆ ವಿಷ ಇಲ್ಲ ಅಂತಲ್ಲ ಕಣೋ."

"ಅಂಗಾರೆ ಈ ಲೋಟದಲ್ಲಿ ಇಸ ಅದಾ, ಇಲ್ವಾ?"

ನಾನು ಲೋಟ ನೋಡಿದೆ, ಕುಡಿಕೆ ನೋಡಿದೆ. ನನಗೇ ಗೊತ್ತಾಗಲಿಲ್ಲ. ಕೊನೆಗೆ ಆ ಡಬ್ಬವನ್ನು ಬಾವಿಯ ಹತ್ತಿರಕ್ಕೂ ಒಯ್ಯುವುದಿಲ್ಲವೆಂದು ಜವರನಿಂದ ಊರ ಮಾರಮ್ಮನ ಮೇಲೆ ಆಣೆ ಹಾಕಿಸಿಕೊಂಡೆ. ಅವನು ತಕ್ಷಣ ಒಪ್ಪಿದ. ವಿಜ್ಞಾನಕ್ಕೆ ಆಗದ್ದನ್ನು ಮಾರಮ್ಮ ಮಾಡಿದಳು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಇನ್ನೂ ನಾಲ್ಕಾರು ಕೈಗಳು ಮೇಲೆದ್ದವು. ಪುಣ್ಯಕ್ಕೆ ಶಾಲೆಯ ಗಂಟೆ ಬಾರಿಸಿತು.

ಹೊರಗೆ ಓಡಿಹೋಗಿ ಅದನ್ನು ಬಾರಿಸಿದವನು ನಾನೇ.