ಹದಿನೆಂಟು ಹಂತದ ಚಹಾ

ಇವತ್ತು ಬೆಳಿಗ್ಗೆ ಎಂದಿನಂತೆ ಆರಕ್ಕೆ ಎದ್ದು, ಬಾಗಿಲಿಗೆ ತೂಗುಹಾಕಿದ ಚೀಲದಿಂದ ಹಾಲಿನ ಪಾಕೀಟು ತೆಗೆದು, ಕಾಸಿ ಕಟ್ಟೆಯ ಮೇಲಿಟ್ಟು, ಆಮೇಲೆ ಎಂದೂ ಮಾಡದ ಒಂದು ಕೆಲಸ ಮಾಡಿದೆ: ಅಡುಗೆಮನೆಯಿಂದ ಹೊರಗೆ ಬಂದು ಕೂತೆ. ಇದರಲ್ಲಿ ಹೇಳುವಂಥದ್ದೇನಿದೆ ಎನ್ನುತ್ತೀರಿ. ಇಪ್ಪತ್ತೇಳು ವರ್ಷ ಒಲೆಯ ಮುಂದೆ ನಿಂತವಳಿಗೆ ಸುಮ್ಮನೆ ದೂರ ಕೂಡುವುದು ಎಂಥ ಕಠಿಣ ಯೋಗಾಸನವೆಂದು ಕೂತವಳೇ ಬಲ್ಲಳು. ಮಡಿಲಲ್ಲಿ ಮೆಂತೆಸೊಪ್ಪು, ಕಣ್ಣು ಮಾತ್ರ ಒಳಗೆ. ಅಲ್ಲಿ ನನ್ನ ಯಜಮಾನರು ಚಹಾ ಮಾಡಬೇಕಿತ್ತು.

ಎರಡು ವರ್ಷದ ಹಿಂದೆ ನಾವಿರುವ ಈ ಮರಾಠಿ ಊರಿನ ಅಂಚಿಗೆ, ಕಾತ್ರಜ ಘಾಟದ ಇಳಿಜಾರಿನಲ್ಲಿ ಅವರ ಸ್ಕೂಟರ್ ಜಾರಿ ತಲೆಗೆ ಪೆಟ್ಟಾಯಿತು. ಗಾಯ ಮಾಯ್ದು, ಮೇಲೆ ಕೂದಲೂ ಬೆಳೆದು, ಈಗ ನೋಡಿದವರೆಲ್ಲ ‘ಎಷ್ಟು ಛಲೋ ಆಗ್ಯಾರಲ್ರಿ’ ಎಂದು ಹೋಗುತ್ತಾರೆ. ಮದುವೆಯ ದಿನ ನಮ್ಮಪ್ಪ ಉಟ್ಟ ಧೋತರದ ಅಂಚಿನ ಬಣ್ಣ ಅವರಿಗೆ ನೆನಪಿದೆ. ಚಹಾ ಮಾಡುವುದೂ ಗೊತ್ತಿದೆ. ಆದರೆ ಗೊತ್ತಿರುವುದನ್ನು ಶುರು ಮಾಡುವ, ಒಂದಾದ ಮೇಲೊಂದನ್ನು ಜೋಡಿಸುವ, ನಡುವೆ ತಪ್ಪಿದರೆ ತಿದ್ದುವ ಮೇಲಧಿಕಾರಿಯೊಬ್ಬ ನಮ್ಮೆಲ್ಲರ ಹಣೆಯ ಹಿಂದೆ ಕೂತಿರುತ್ತಾನಂತೆ. ಪೆಟ್ಟು ಬಿದ್ದದ್ದು ಅವನಿಗೆ. ಕಾರ್ಖಾನೆಯಲ್ಲಿ ಯಾವ ಯಂತ್ರಕ್ಕೆ ಯಾವ ದಿನ ಯಾವ ಕೆಲಸವೆಂದು ವರ್ಷಗಟ್ಟಲೆ ಯೋಜನೆ ಹಾಕಿದ ಮನುಷ್ಯ, ಈಗ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ಅರ್ಧ ತಾಸು ನಿಲ್ಲುತ್ತಾರೆ. ನಾನು ‘ರೀ, ಜಳಕಾ’ ಎಂದರೆ ಒಳಗೆ ಹೋಗುತ್ತಾರೆ. ‘ರೀ, ಅಂಗಿ.’ ‘ರೀ, ಗುಳಿಗಿ.’ ಹೀಗೆ ಮುಂಜಾನೆಯಿಂದ ರಾತ್ರಿಯವರೆಗೆ ರೇಡಿಯೋದಂತೆ ನುಡಿಯುತ್ತ ಬಂದೆ, ಅದನ್ನೇ ಸೇವೆಯೆಂದುಕೊಂಡು.

ಕೊಂಢವಾದ ಆಸ್ಪತ್ರೆಯಲ್ಲಿ ಅವರಿಗೆ ಚಿಕಿತ್ಸೆ ಕೊಡುವ ಹುಡುಗಿ ನನ್ನ ಮಗಳಿಗಿಂತ ಚಿಕ್ಕವಳು. ಮೊದಲ ದಿನವೇ ನನ್ನ ಕೈಗೆ ಕಾಗದ ಕೊಟ್ಟು ಚಹಾ ಮಾಡುವ ಹಂತಗಳನ್ನು ಬರೆಯಲು ಹೇಳಿದಳು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ಅಕ್ಷರದಲ್ಲಿ ಆರು ಸಾಲು ಬರೆದು, ಬೆನ್ನು ತಟ್ಟುತ್ತಾಳೆಂದು ಕಾದೆ. ಲೈಟರ್ ಎಲ್ಲಿದೆಯೆಂದು ನೋಡುವುದು, ಸಾಕಷ್ಟು ನೀರಾಯಿತೇ ಎಂದು ನಿರ್ಧರಿಸುವುದು, ಕುದಿಯುವವರೆಗೆ ಗಮನ ಬೇರೆಡೆ ಹೋಗದಂತೆ ಕಾಯುವುದು, ಕೊನೆಗೆ ಗ್ಯಾಸ್ ಆರಿಸುವುದು ಎಂದು ಸೇರಿಸುತ್ತ ಅವಳು ಹದಿನೆಂಟಕ್ಕೆ ಒಯ್ದಳು. ಆ ಪಟ್ಟಿ ಈಗ ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ. ನನ್ನ ಪಾಲಿಗೆ ಅವಳು ಕೊಟ್ಟ ಹಂತ ಒಂದೇ: ಬಾಯಿ ಮುಚ್ಚಿಕೊಂಡಿರುವುದು. ‘ಕಾಕೂ, ನೀವೇ ಅವರ ತಲಿ ಆಗಿ ಕೂತ್ರ, ಅವರ ತಲಿ ಯಾಕ ಕೆಲಸಾ ಮಾಡ್ತದ?’ ಅವಳು ಅಂದದ್ದು ಮರಾಠಿಯಲ್ಲಿ. ನನಗೆ ನಾಟಿದ್ದು ಕನ್ನಡದಲ್ಲಿ.

ಮಾತಾಡಿದ್ದಕ್ಕಾಗಿಯೇ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತವಳು ನಾನು. ಐವತ್ತೆರಡರಲ್ಲಿ ಮೌನ ಕಲಿಯುವುದು ಸುಲಭವೇ? ಮೊದಲ ವಾರ ಅವರ ಪಕ್ಕದಲ್ಲೇ ನಿಂತು, ಮಾತು ಬಿಟ್ಟು ಕೆಮ್ಮಿದೆ. ಎರಡನೆಯ ವಾರ ಬಳೆ ಸದ್ದು ಮಾಡಿದೆ. ಅವರು ಥಟ್ಟನೆ ಸಕ್ಕರೆ ಡಬ್ಬಿಗೆ ಕೈ ಹಾಕುತ್ತಿದ್ದರು. ಹುಡುಗಿ ಮನೆಗೆ ಬಂದಾಗ ಈ ಕಳ್ಳತನ ಹಿಡಿದು, ಬಳೆಯನ್ನೂ ತೆಗೆಸಿದಳು. ನಗುತ್ತಲೇ ತೆಗೆಸಿದಳು, ಆದರೆ ಆಮೇಲೆ ನಿಧಾನವಾಗಿ ಹೇಳಿದ್ದು ಇದು: ಹೇಳಿಸಿಕೊಳ್ಳದೆ ಚಹಾ ಮಾಡಿ ಮುಗಿಸಿದರೆ ಅವರನ್ನು ಒಂದು ತಾಸು ಮನೆಯಲ್ಲಿ ಒಬ್ಬರನ್ನೇ ಬಿಟ್ಟು ನೋಡಬಹುದು. ಇಲ್ಲದಿದ್ದರೆ ಕೊನೆಯವರೆಗೂ ಯಾರಾದರೊಬ್ಬರು ಬೆನ್ನಿಗಿರಬೇಕು. ಆ ಯಾರಾದರೊಬ್ಬರು ಎಂದರೆ ನಾನು. ನನ್ನ ನಂತರ ಯಾರೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇವತ್ತು ಅವರು ಪಾತ್ರೆ ಇಟ್ಟರು. ನೀರು ಹಾಕಿದರು. ಗ್ಯಾಸ್ ಹೊತ್ತಿಸಿದರು. ಆಮೇಲೆ ನಿಂತರು. ನೀರು ಕುದಿಯಿತು, ಇನ್ನೂ ಕುದಿಯಿತು, ತಳ ಕಾಣತೊಡಗಿತು. ಬೆರಳುಗಳಲ್ಲಿ ಮೆಂತೆಯ ಎಲೆ ಯಾವುದು ದಂಟು ಯಾವುದು ನನಗೆ ತಿಳಿಯಲಿಲ್ಲ. ಒಮ್ಮೆ ನನ್ನ ಕಡೆ ತಿರುಗಿ ನೋಡಿದರು. ಸ್ಕೂಲಿನ ಮೊದಲ ದಿನ ಗೇಟಿನೊಳಗಿಂದ ಮಗು ನೋಡಿದ ಹಾಗೆ. ನಾನು ಸೊಪ್ಪಿನತ್ತ ಮುಖ ತಗ್ಗಿಸಿದೆ. ಇಷ್ಟು ನಿಷ್ಕರುಣೆಯ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ. ಮತ್ತೆ ತಲೆಯೆತ್ತಿದಾಗ ಅವರು ಪಟ್ಟಿಯ ಮೇಲೆ ಬೆರಳಿಟ್ಟು ಓದುತ್ತಿದ್ದರು. ಓದಿ, ಪಾತ್ರೆಯೊಳಗೆ ಇಣುಕಿ, ತಾವಾಗಿಯೇ ಇನ್ನಷ್ಟು ನೀರು ಸುರಿದರು. ತಪ್ಪು ಅವರಿಗೇ ಕಂಡಿತ್ತು. ಚಹಾಪುಡಿ, ಸಕ್ಕರೆ, ಹಾಲು, ಕೊನೆಗೆ ಗ್ಯಾಸ್ ಕೂಡ ಆರಿಸಿದರು. ನಲವತ್ತು ನಿಮಿಷ.

ಸೋಸಿದರು, ಒಂದೇ ಕಪ್ಪಿಗೆ. ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತು, ಊದಿ ಊದಿ, ನೆಮ್ಮದಿಯಿಂದ ಒಬ್ಬರೇ ಕುಡಿದರು. ಪೆಟ್ಟು ಬೀಳುವ ಮುಂಚೆ, ಭಾನುವಾರದ ಚಹಾ ಅವರದೇ. ಮೊದಲ ಕಪ್ಪು ನನಗೆ ಕೊಟ್ಟೇ ಅವರು ತಮ್ಮದನ್ನು ಹಿಡಿಯುತ್ತಿದ್ದರು. ಎಷ್ಟು ಜನಕ್ಕೆ ಎಂಬುದನ್ನು ಆ ಹದಿನೆಂಟರಲ್ಲಿ ಹುಡುಗಿಯೂ ಬರೆದಿಲ್ಲ, ನನಗೂ ಹೊಳೆದಿರಲಿಲ್ಲ. ಬಾಯಿ ತೆರೆದರೆ ಕೊಟ್ಟುಬಿಡುತ್ತಿದ್ದರು, ಅದು ನನಗೆ ಗೊತ್ತು. ನಾನು ತೆರೆಯಲಿಲ್ಲ. ಫೋನಿನಲ್ಲಿ ಹುಡುಗಿ ಹಿಗ್ಗಿದಳು. ನಾನೂ ಹಿಗ್ಗಿದೆನೆಂದೇ ಹೇಳಿದೆ, ಮತ್ತು ಅದು ಸುಳ್ಳಲ್ಲ.

ಚಹಾ ಒಂದಾದ ಮೇಲೆ ಜಳಕ, ಅಂಗಿ, ಗುಳಿಗೆಗಳಿಗೂ ನಾನು ಮಾತಾಡಲಿಲ್ಲ. ಎಲ್ಲವೂ ತಡವಾಗಿ ಆದವು, ಆದರೆ ಆದವು. ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಪಕ್ಕದ ಬಾಲ್ಕನಿಯಿಂದ, ಬೆಳಗಾವಿ ಕಡೆಯ ನಮ್ಮ ನೆರೆಯಾಕೆ ಹಪ್ಪಳದ ತಾಟು ಎತ್ತಿಕೊಳ್ಳುತ್ತ ಕೇಳಿದಳು: ‘ಏನ್ ವೈನಿ, ಯಜಮಾನ್ರ ಜೋಡಿ ಜಗಳಾ ಆಡೀರೇನ್ರಿ? ಮುಂಜಾನಿಂದ ನಿಮ್ಮ ದನೀನ ಇಲ್ಲಲ್ಲ.’