ಕಟ್ಟೆಯ ಮೇಲಿನ ಮುದುಕ

ತಿಂಗಳುಗಟ್ಟಲೆ ತಿದ್ದಿದ ಮಣ್ಣಿನ ಮುದುಕನನ್ನು ಮಸ್ಕಿಯ ಒಂದು ಓಣಿಯ ಕಟ್ಟೆಯ ಮೇಲೆ ಕೂರಿಸಿ, ತಲೆಗೆ ಅಪ್ಪನ ರುಮಾಲು ಸುತ್ತಿ, ಕ್ಯಾಮೆರಾ ಹಿಡಿದು ನಿಂತಿದ್ದೆ. ಕಲಾಶಾಲೆಯ ಪರೀಕ್ಷೆಗೆ ನನಗೆ ಬೇಕಿದ್ದುದು ಮುದುಕನನ್ನು ಯಾರೂ ಗಮನಿಸದೆ ದಾಟಿಹೋಗುವ ಒಂದು ಚಿತ್ರ. ಆದರೆ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರೆ ಚಪ್ಪಲಿ ಮೆಟ್ಟಿ ದಾಟಬಾರದೆಂಬ ರೂಢಿಯಂತೆ, ಬಂದ ಹೆಂಗಸರೆಲ್ಲ ಅವನೆದುರು ಸೆರಗು ಹೊದ್ದು, ಚಪ್ಪಲಿ ಕೈಯಲ್ಲಿ ಹಿಡಿದೇ ದಾಟುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಸಾಕುಸಾಕಾಗಿತ್ತು. ರೀಲೂ ಮುಗಿಯುತ್ತ ಬಂದಿತ್ತು.

ಹುಲ್ಲಿನ ಹೊರೆ ಹೊತ್ತವಳೊಬ್ಬಳು ಚಪ್ಪಲಿಗೆ ಬಗ್ಗಿದಾಗ ತಡೆಯಲಾಗಲಿಲ್ಲ.

"ಅಕ್ಕಾ, ಅದು ಮಣ್ಣಿನ ಗೊಂಬಿ ಐತ್ರಿ. ಹಂಗ ಹೋಗ್ರಿ."

"ಗೊತ್ತೈತಿ ತಮ್ಮಾ. ರುಮಾಲ್ ಸುತ್ತೀಯಲ್ಲ, ಹೆಂಗ ಹೋಗ್ಲಿ?"

ರುಮಾಲು ಬಿಚ್ಚಿದೆ. ಆಕೆ ಚಪ್ಪಲಿ ಮೆಟ್ಟಿ, ಹೊರೆಯನ್ನು ಮುದುಕನ ತೊಡೆಯ ಮೇಲೆ ಇಳಿಸಿ, ಬೆವರು ಒರೆಸಿಕೊಂಡಳು.

ಅದೇ ಓಣಿಯಲ್ಲಿ ಮರಳುವಾಗ ರುಮಾಲನ್ನು ನಾನೇ ಸುತ್ತಿಕೊಂಡೆ. ಎದುರಾದ ಹೆಂಗಸರಲ್ಲಿ ಒಬ್ಬರೂ ಚಪ್ಪಲಿ ಬಿಡಲಿಲ್ಲ.